ಯಾರೂ ಓದದ ಅಲಾರಂ ಪುಟ

ವಾಟರ್ಲೂವಿನ ನಮ್ಮ ಕಚೇರಿಯಲ್ಲಿ ಗ್ಲೆಂಡಾ ವೋಯ್ಚಿಕ್‌ಳನ್ನು ‘ಪುಟದಮ್ಮ’ ಎಂದು ಆಡಿಕೊಳ್ಳುತ್ತಿದ್ದವರೇ ಹೆಚ್ಚು. ಸುಳ್ಳೇಕೆ ಹೇಳಲಿ, ಆ ಹಾಳು ಗುಂಪಿನಲ್ಲಿ ನಾನೂ ಇದ್ದೆ. ನಾವು ಮೊಬೈಲ್ ಫೋನಿನ ಒಳಗಿನ ಸಾಫ್ಟ್‌ವೇರ್ ಮಾಡುವವರು. ಅದರ ಮೇಲೆ ಆ್ಯಪ್ ಕಟ್ಟುವ ಹೊರಗಿನವರಿಗೆ ಯಾವುದನ್ನು ಹೇಗೆ ಬಳಸಬೇಕೆಂದು ತಿಳಿಸುವ ಪುಟಗಳನ್ನು ಯೋಜಿಸಿ, ಕೆಳಗೆ ನಕಲು ಮಾಡಿಕೊಳ್ಳಲು ಮಾದರಿ ಕೋಡನ್ನೂ ಇಟ್ಟು ಬರೆಯುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಬರೆದ ಒಂದೊಂದು ಹೆಜ್ಜೆಯನ್ನೂ ಅಗ್ಗದ ಫೋನೊಂದರಲ್ಲಿ ತಾನೇ ಮಾಡಿ ನೋಡದೆ ಬಿಡುತ್ತಿರಲಿಲ್ಲ.

ಹಾಗೆ ನೋಡುವಾಗಲೇ ನನ್ನ ತಪ್ಪು ಅವಳ ಕೈಗೆ ಸಿಕ್ಕಿತು. ಫೋನಿನಲ್ಲಿ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಹಾಕಿದರೆ ನಾನು ಕೋಡ್ ಬರೆದ ಅಲಾರಂ ಸದ್ದಿಲ್ಲದೆ ಸತ್ತುಹೋಗುತ್ತಿತ್ತು. ಸರಿಪಡಿಸಲು ಮುಂದಿನ ಆವೃತ್ತಿಯೇ ಬರಬೇಕು. ನ್ಯೂ ಬ್ರನ್ಸ್‌ವಿಕ್‌ನ ಮಾರ್ಸೆಲ್ ಟಿಬೊಡೊ ಎಂಬವನು ಆಗಲೇ ಪತ್ರ ಬರೆದಿದ್ದ: ಅಮ್ಮನಿಗೆ ಇನ್ಸುಲಿನ್ ಹೊತ್ತು ನೆನಪಿಸುವ ಆ್ಯಪ್ ಕಟ್ಟುತ್ತಿದ್ದೇನೆ, ಅಲಾರಂ ಪುಟ ಯಾವಾಗ ಬರುತ್ತದೆ? ಗ್ಲೆಂಡಾ ಪುಟದ ನೆತ್ತಿಯಲ್ಲೇ ಕೆಂಪು ಚೌಕದೊಳಗೆ ಎಚ್ಚರಿಕೆ ಹಾಕಿದಳು.

ಮ್ಯಾನೇಜರ್ ಕರ್ಟಿಸ್ ಅದನ್ನು ಕಿತ್ತುಹಾಕಿದ. “ಬಿಡುಗಡೆ ದಿನ ಇಂಥ ಅಪಶಕುನ ಯಾಕೆ ಗ್ಲೆಂಡಾ? ಹೇಗೂ ನಿಮ್ಮ ಪುಟ ಯಾರು ಓದ್ತಾರೆ? ಕೆಳಗಿರೋ ಮಾದರಿ ಕೋಡ್ ಎತ್ಕೊಂಡು ಹೋಗ್ತಾರೆ, ಅಷ್ಟೆ.”

“ಇನ್ಸುಲಿನ್ ತಪ್ಪಿದ್ರೆ ಜನ ಸಾಯ್ತಾರೆ ಕಣಯ್ಯಾ! ನಿಂಗೆ ಅಪಶಕುನದ ಚಿಂತೆ!” ಎಂದು ಗ್ಲೆಂಡಾ ರೇಗಿದಳು. “ನೀನಾದ್ರೂ ಬಾಯಿ ಬಿಡೋ,” ಎಂದು ನನ್ನತ್ತ ತಿರುಗಿದಳು. ತಪ್ಪು ನನ್ನದು, ಹೇಳಬೇಕಾದವನೂ ನಾನೇ. ಕಾಫಿ ಲೋಟ ನೋಡುತ್ತ ಕೂತೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಅವಳು ಅದೇ ಸಿಟ್ಟಿನಲ್ಲಿ ಹೋಗಿ ಮಾದರಿ ಕೋಡಿಗೇ ಐದು ಸಾಲು ಸೇರಿಸಿದಳು. ಬ್ಯಾಟರಿ ಉಳಿತಾಯ ಹಾಕಿದ್ದರೆ ಆ್ಯಪ್ ಅಲಾರಂ ಇಡಲು ಒಪ್ಪುವುದಿಲ್ಲ. ಮೊದಲು ಅದನ್ನು ನಿಲ್ಲಿಸಿ ಎಂದು ಪರದೆಯ ಮೇಲೇ ಹೇಳುತ್ತದೆ. ಕೋಡ್ ನಕಲು ಮಾಡಿದವರ ಆ್ಯಪಿಗೆಲ್ಲ ಆ ಮಾತೂ ತಾನಾಗಿ ಹೋಗುತ್ತದೆ. ಕೋಡ್ ಸರಿಯಿದೆ ಎಂದು ಮೊದಲ ಒಪ್ಪಿಗೆ ಕೊಡಬೇಕಾದವನು ನಾನು.

“ಕೊಡ್ತೀಯೋ, ಇಲ್ಲ ಲೋಟ ನೋಡ್ತಾ ಕೂರ್ತೀಯೋ?” ಎಂದಳು. ಕೊಟ್ಟೆ. ಕರ್ಟಿಸ್ ಕೋಡನ್ನು ಓದಿಯೂ ನೋಡದೆ ತನ್ನ ಒಪ್ಪಿಗೆಯನ್ನೂ ಒತ್ತಿದ. ಪುಟ ಹೊರಬಿತ್ತು.

ಎರಡು ತಿಂಗಳ ನಂತರ ಸಭೆಯಲ್ಲಿ ಕರ್ಟಿಸ್ ಎದೆಯುಬ್ಬಿಸಿಕೊಂಡು ಮಾರ್ಸೆಲ್‌ನ ಪತ್ರ ಓದಿದ. “‘ನಿಮ್ಮ ಮಾದರಿ ಹಾಗೇ ಎತ್ತಿ ಹಾಕ್ದೆ. ಬ್ಯಾಟರಿ ಉಳಿತಾಯ ನಿಲ್ಲಿಸಿ ಅಂತ ಅಮ್ಮನ ಫೋನೇ ಹೇಳ್ತು, ನಿಲ್ಲಿಸಿದ್ಲು. ಇವತ್ತಿನವರೆಗೆ ಒಂದು ಇಂಜೆಕ್ಷನ್ನೂ ತಪ್ಪಿಲ್ಲ. ಪುಟ ಮಾತ್ರ ನಾನು ಓದಿಲ್ಲ, ಕ್ಷಮಿಸಿ.’” ಓದುತ್ತ ಓದುತ್ತ ಅವನ ದನಿ ಇಳಿಯಿತು. “ಈ ಸಾಲು ಯಾವಾಗ ಸೇರ್ತು? ನಾನು ನೋಡ್ಲೇ ಇಲ್ವಲ್ಲ!”

ಎಲ್ಲರೂ ನಕ್ಕರು. ಗ್ಲೆಂಡಾ ನಗಲಿಲ್ಲ.

“ಅವನು ಕ್ಷಮೆ ಕೇಳಿದಾನೆ, ಕರ್ಟಿಸ್,” ಎಂದಳು. “ನೀನು?”