ಚಿತ್ತಾಪುರದ ಅಕ್ಕ ನನ್ನ ಕಾಲಿನ ಅಳತೆ ತೆಗೆದ ದಿನ

ಹೋದ ವರ್ಷ ತೊಗರಿ ರಾಶಿ ನಡೆದಿದ್ದ ದಿನಗಳು. ಶಹಾಬಾದಿನಿಂದ ಹಾಸುಗಲ್ಲು ಹೇರಿಕೊಂಡು ಸೇಡಂ, ಚಿಂಚೋಳಿ ಕಡೆ ಹೋಗುವುದು ನನ್ನ ಕೆಲಸ. ಊರು ವಾಡಿ. ಲಾರಿ ಹಳೆಯದು, ಇಪ್ಪತ್ತು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ಮೂರು ತಿಂಗಳ ಮೊದಲು ಅದರ ಎಂಜಿನ್ ಕೈಕೊಟ್ಟಾಗ ಮೆಕ್ಯಾನಿಕ್ ಒಬ್ಬರು ಈಚಿನ ಲಾರಿಯೊಂದರ ಎಂಜಿನ್ ಕೂಡಿಸಿಕೊಟ್ಟಿದ್ದರು. ಇದರ ಆಕ್ಸಿಲರೇಟರಿಗೆ ಮೊದಲಿನಂತೆ ಕೇಬಲ್ ಇಲ್ಲ. ಪೆಡಲ್ ಒತ್ತಿದರೆ ವೈರಿನ ಮೂಲಕ ಎಂಜಿನ್ನಿಗೆ ಗೊತ್ತಾಗುತ್ತದೆ.

ಎಂಜಿನ್ ಚೆನ್ನಾಗಿಯೇ ಓಡಿತು. ತೊಂದರೆ ಕೊಟ್ಟದ್ದು ಪೆಡಲ್. ಹಳೆಯ ಪೆಡಲ್ ಇದ್ದ ಜಾಗಕ್ಕೇ ಹೊಸದನ್ನು ಬಿಗಿದಿದ್ದರಿಂದ ಅದು ನಾಲ್ಕು ಬೆರಳು ಎತ್ತರವಾಗಿತ್ತು. ಹಿಮ್ಮಡಿ ಕೆಳಗೆ ತಾಗುತ್ತಲೇ ಇರಲಿಲ್ಲ. ಸಂಜೆಯ ಹೊತ್ತಿಗೆ ಮೀನಖಂಡ ಕಲ್ಲಿನಂತೆ ಬಿಗಿಯುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ನನಗೆ ಐವತ್ತೆರಡು, ಇನ್ನು ಸ್ಟೇರಿಂಗ್ ಬಿಡುವ ಕಾಲ ಬಂತೇನೋ ಎಂದು ಒಳಗೊಳಗೇ ಅಂಜುತ್ತಿದ್ದೆ. ಲಾರಿ ಮಾರುವುದಾಗಿ ಒಬ್ಬರಿಗೆ ಹೇಳಿಯೂ ಇಟ್ಟಿದ್ದೆ.

ಅಂದು ಬೆಳಿಗ್ಗೆ ಹತ್ತರ ಸುಮಾರಿಗೆ ಚಿತ್ತಾಪುರ ದಾಟುತ್ತಿದ್ದೆ. ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ತುಂಬಿದ್ದ ಆಟೋ ಮುಂದೆ ತಟ್ಟನೆ ನಿಂತಿತು. ಬ್ರೇಕ್ ಒತ್ತಬೇಕೆಂದರೆ ಬಲಗಾಲು ಬರಲೇ ಇಲ್ಲ! ಮೀನಖಂಡ ಹಿಡಿದುಕೊಂಡು ಪಾದ ಆಕ್ಸಿಲರೇಟರ್ ಮೇಲೇ ಸೆಟೆದುಕೊಂಡಿತ್ತು. ಹೇಗೋ ಎಡಗಾಲಿನಿಂದ ಬ್ರೇಕ್ ತುಳಿದೆ. ಎಂಜಿನ್ ಬಂದ್ ಬಿದ್ದು ಲಾರಿ ಗಕ್ಕೆಂದು ನಿಂತಿತು. ಆಟೋಕ್ಕೂ ನನಗೂ ನಡುವೆ ಒಂದು ಮೊಳ ಉಳಿದಿತ್ತು.

ಹೆಣ್ಣುಮಕ್ಕಳು ಚೀರಿದರು. ಆಟೋದವನು ಬಾಯಿಗೆ ಬಂದಂತೆ ಬೈದ. ಕೆಳಗಿಳಿದವನು ಕಾಲೂರಲಾಗದೆ ರಸ್ತೆ ಬದಿಯಲ್ಲೇ ಕುಳಿತೆ.

ಎದುರಿಗೆ ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಶೆಡ್ ಇತ್ತು. ಅಲ್ಲಿಂದ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ನೀರು ತಂದುಕೊಟ್ಟರು. ಶೆಡ್ ಅವರದೇ, ಹೆಸರು ಕಮಲಾಬಾಯಿ.

"ಕಾಲಿಗೇನಾಗ್ಯಾದ್ರಿ ಅಣ್ಣಾರ?"

ಯಾರಿಗೂ ಹೇಳದ್ದನ್ನೆಲ್ಲ ಆಕೆಗೆ ಹೇಳಿದೆ. ಅವರು ಲಾರಿ ಹತ್ತಿ ಪೆಡಲ್ ನೋಡಿ, "ಇದು ವಯಸ್ಸಿಂದಲ್ರಿ. ನಾ ಸರಿ ಮಾಡಿಕೊಡ್ತೀನಿ" ಎಂದರು.

"ನೀವು ಕಿಡಕಿ ಮಾಡೋರ್ರಿ ಅಕ್ಕಾರ. ಇದು ಲಾರಿ ಕೆಲಸ ಅದ," ಎಂದೆ.

ಅವರು ನಕ್ಕರು. "ಅಳತಿ ತೊಗೊಳ್ಳದೆ ಮಾಡಿದ್ರ ಕಿಡಕಿರ ಕೂಡ್ತದೇನ್ರಿ? ಈ ಪೆಡಲ್ ಕೂಡಿಸುವಾಗ ನಿಮ್ಮ ಕಾಲಿಂದು ಅಳತಿ ಯಾರರ ತೊಗೊಂಡಿದ್ರೇನು?"

ಯಾರೂ ತೆಗೆದಿರಲಿಲ್ಲ.

ನೋವು ಇಳಿದ ಮೇಲೆ ಲಾರಿಯನ್ನು ಬದಿಗೆ ಹಚ್ಚಿ ಸೀಟಿನಲ್ಲಿ ಕುಳಿತೆ. "ಪೆಡಲ್ ಮರ್ತುಬಿಡ್ರಿ. ಕಣ್ಣು ಮುಚ್ರಿ. ಕಾಲು ಎಲ್ಲಿ ಹಗುರ ಅನಸ್ತದ ಅಲ್ಲಿ ಇಡ್ರಿ," ಎಂದರು. ಇಟ್ಟೆ. ಹಿಮ್ಮಡಿಗೊಂದು, ಬೆರಳಿಗೊಂದು ಬಳಪದ ಗೆರೆ ಎಳೆದರು. ವೈರು ಕಳಚಿ ಪೆಡಲ್ ಬಿಚ್ಚಿ ದೂರ ಇಟ್ಟರು. "ಇದರಾಗ ನಾಜೂಕು ಸಾಮಾನ ಅದ, ಕಾವು ತಾಕಬಾರ್ದು," ಎಂದು ದಪ್ಪ ಕಬ್ಬಿಣದ ಪಟ್ಟಿಯನ್ನು ಶೆಡ್ಡಿನಲ್ಲೇ ಬೆಸೆದು ತಂದು, ಅದಕ್ಕೆ ಪೆಡಲನ್ನು ತಗ್ಗಿಸಿ ಬೋಲ್ಟ್ ಬಿಗಿದರು.

ಮೊದಲ ಸಲ ಬ್ರೇಕಿಗೆ ತೀರ ಹತ್ತಿರವಾಯಿತು. ಬಿಚ್ಚಿದರು. ಎರಡನೇ ಸಲ ಓರೆಯಾಯಿತು. ಅದನ್ನೂ ಬಿಚ್ಚಿದರು. ಮೂರನೇ ಸಲ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಪೆಡಲ್ ಎಲ್ಲೂ ಸಿಕ್ಕಿಕೊಳ್ಳದೆ ಮೇಲೆ ಬರುವುದನ್ನು ನೋಡಿದರು.

"ಈಗ ಬ್ರೇಕಿಗಿ ಹೋಗ್ರಿ ಅಣ್ಣಾರ."

ಹಿಮ್ಮಡಿ ಎತ್ತಲಿಲ್ಲ, ಪಾದ ಹೊರಳಿಸಿದೆ ಅಷ್ಟೇ. ಬ್ರೇಕ್ ಕಾಲಡಿಗಿತ್ತು.

ಖಾಲಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದ ಮೇಲೆಯೇ ಅವರು ನನ್ನನ್ನು ಹೊರಡಲು ಬಿಟ್ಟದ್ದು. ಸಂಜೆ ಚಿಂಚೋಳಿಯಲ್ಲಿ ಕಲ್ಲು ಇಳಿಸಿ ಕೆಳಗೆ ಜಿಗಿದಾಗಲೇ ಗಮನಿಸಿದೆ, ದಾರಿಯುದ್ದಕ್ಕೂ ನನಗೆ ಕಾಲಿನ ನೆನಪೇ ಆಗಿರಲಿಲ್ಲ. ಅಲ್ಲಿಂದಲೇ ಲಾರಿ ಕೊಳ್ಳಬೇಕಿದ್ದವರಿಗೆ ಫೋನ್ ಮಾಡಿ, ಲಾರಿ ಮಾರುವುದಿಲ್ಲ ಎಂದು ತಿಳಿಸಿದೆ.

ನೋವು ಮುಚ್ಚಿಟ್ಟು ಲಾರಿ ಓಡಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಮೂರು ತಿಂಗಳು ನನ್ನ ಮೈಯನ್ನೇ ಶಪಿಸಿಕೊಂಡೆ, ತಪ್ಪು ಅದರದಾಗಿರಲಿಲ್ಲ. ಈಗ ಯಾವ ಡ್ರೈವರ್ ಸೊಂಟ, ಮೊಣಕಾಲು ಎಂದು ನರಳಿದರೂ ವಯಸ್ಸು ಕೇಳುವುದಿಲ್ಲ. ಅವನ ಲಾರಿ ಹತ್ತಿ, ಅವನು ಹೇಗೆ ಕುಳಿತುಕೊಳ್ಳುತ್ತಾನೆಂದು ಮೊದಲು ನೋಡುತ್ತೇನೆ.