ಮೈದಾನದ ತಾತ
ಊರಿನ ಹಳೆಯ ಕ್ರೀಡಾಂಗಣ ನೋಡಲು ಹೋದವರಿಗೆ ಅದರ ಕತೆ ಹೇಳುವವರು ಮೈದಾನದ ತಾತ. "ಹುಲ್ಲು ತುಳೀಬೇಡಿ, ಅದಕ್ಕೆ ನಿಮ್ಮಜ್ಜನಿಗಿಂತ ವಯಸ್ಸಾಗಿದೆ" ಎಂದೇ ಮಾತು ಶುರು. ಹಳೆಯ ಫೈನಲ್ ಪಂದ್ಯದ ವಿಷಯ ಬಂದರಂತೂ ತಾತನಿಗೆ ಲಂಗುಲಗಾಮಿಲ್ಲ; ಅಂದು ಸೇರಿದ್ದ ಜನ ಬೆಳಿಗ್ಗೆ ಹೇಳುವ ಕತೆಯಲ್ಲಿ ಮೂವತ್ತು ಸಾವಿರವಿದ್ದರೆ ಸಂಜೆಯ ಕತೆಯ ಹೊತ್ತಿಗೆ ಐವತ್ತು ಸಾವಿರ ದಾಟಿರುತ್ತಾರೆ. ಕೊನೆಯ ಗೋಲನ್ನು ತಾವೇ ಕಾಲೆತ್ತಿ ಒದ್ದು ತೋರಿಸಿ, ಕಂಬಿ ಹಿಡಿದು ಸುಧಾರಿಸಿಕೊಳ್ಳುತ್ತಾರೆ. ಮೊನ್ನೆ ಒಬ್ಬ ಹುಡುಗಿ, "ಆ ಗೋಲು ನೀವೇ ಕಣ್ಣಾರೆ ನೋಡಿದ್ರಾ ತಾತ?" ಎಂದು ಕೇಳಿದಳು. ತಾತ ನಕ್ಕುಬಿಟ್ಟರು. "ಎಲ್ಲಿ ನೋಡೋದು ಮಗಳೇ! ನಾನು ಕಾವಲಿನೋನು. ಜನರ ಕಡೆ ಮುಖ, ಆಟಕ್ಕೆ ಬೆನ್ನು. ತಿರುಗಿದ್ರೆ ಕೆಲಸ ಹೋಗ್ತಿತ್ತು. ಆದ್ರೆ ಗೋಲು ಎಲ್ರೂ ನೋಡಿದ್ರು. ಅಷ್ಟೂ ಮುಖ ಒಟ್ಟಿಗೇ ಅರಳಿದ್ದನ್ನ ನೋಡಿದೋನು ನಾನೊಬ್ಬನೇ!"