ನೆಗೆಣ್ಣಿಯ ಮುಂದೆ ಬಿಟ್ಟ ಲೆಕ್ಕ

ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ಕಾರಟಗಿಯವಳು, ಹತ್ತನೆಯ ತರಗತಿಗೆ ಓದು ನಿಲ್ಲಿಸಿದವಳು. ನಾನು ಕೊಪ್ಪಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಆದರೂ ಯಲಬುರ್ಗಾದ ಮನೆಗೆ ಹೋದರೆ ಅತ್ತೆ ಪ್ರತಿಯೊಂದಕ್ಕೂ ಅವಳ ಮುಖವನ್ನೇ ನೋಡುತ್ತಿದ್ದರು. ಪಲ್ಯಕ್ಕೆ ಉಪ್ಪು ಸಾಕೋ ಎಂಬುದರಿಂದ ಹಿಡಿದು ಹೊಸ ಮೋಟಾರು ಯಾವುದು ತರಬೇಕು ಎಂಬುದರವರೆಗೆ. ದಿನವೂ ಜೊತೆಗಿರುವವಳು ಅವಳೇ ತಾನೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೋದ ವರ್ಷ ಮೈದುನ ಮೊಬೈಲಿನಲ್ಲಿ ನೋಡಿ ಪೋಕರ್ ಕಲಿತ. ತಿಂಗಳಿಗೊಮ್ಮೆಯಂತೆ ಎರಡನೇ ಶನಿವಾರ ನಾನೂ ನನ್ನ ಗಂಡನೂ ಹೋದಾಗ, ಊಟವಾದ ಮೇಲೆ ಚಾಪೆ ಹಾಸಿ ಎಲ್ಲರಿಗೂ ಕಲಿಸಿದ. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ ಗುಟ್ಟಾಗಿರುತ್ತವೆ, ನಡುವೆ ಐದು ಎಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಎಲ್ಲ ಸೇರಿಸಿ ಯಾರ ಐದು ಎಲೆ ದೊಡ್ಡವೋ ಅವರದು ಗೆಲುವು. ಒಬ್ಬರು ಹಚ್ಚಿದಷ್ಟನ್ನು ಉಳಿದವರೂ ಹಚ್ಚಬೇಕು, ಇಲ್ಲವೇ ಎಲೆ ಕೆಳಗಿಟ್ಟು ಆ ಆಟ ಬಿಡಬೇಕು; ಎಲ್ಲರೂ ಬಿಟ್ಟರೆ, ಕೈಯಲ್ಲಿ ಏನಿದ್ದರೂ ಕೊನೆಗುಳಿದವರಿಗೇ ರಾಶಿ. ದುಡ್ಡು ಹಚ್ಚುವುದಕ್ಕೆ ಅತ್ತೆ ಒಪ್ಪಲಿಲ್ಲ. ಹುಣಸೆಬೀಜ ಹಂಚಿಕೊಂಡೆವು.

ಮೊದಲ ಎರಡು ತಿಂಗಳು ನಾನೇ ಗೆದ್ದೆ. ಅತ್ತೆ ಮೊದಲ ಸಲ ನನ್ನನ್ನು ಹೊಗಳಿದರು. ಆ ಖುಷಿಯಲ್ಲಿಯೇ ನಾನು ತಪ್ಪು ಮಾಡಿದ್ದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ನೆಗೆಣ್ಣಿ, ಇಷ್ಟು ಗೆಲ್ಲುವಂತೆ ಹೇಗೆ ಆಡುತ್ತೀರಿ ಎಂದು ಕೇಳಿದಳು. ನಾನು ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಬರೆದು ತೋರಿಸಿದೆ. ನಿನಗೆ ಬೇಕಾದ ಎಲೆ ಇನ್ನೂ ಎಷ್ಟು ಉಳಿದಿವೆ ಎಣಿಸು. ಇನ್ನೊಂದೇ ಎಲೆ ಬಿಚ್ಚುವುದಿದ್ದರೆ ಅದನ್ನು ಎರಡರಿಂದ ಗುಣಿಸು. ನೂರರಲ್ಲಿ ಸುಮಾರು ಅಷ್ಟು ಸಲ ಆ ಎಲೆ ಬರುತ್ತದೆ. ಆಮೇಲೆ ನಡುವಿನ ರಾಶಿ ನೋಡು. ಅರವತ್ತು ಬೀಜದ ಆಸೆಗೆ ಮೂವತ್ತು ಹಚ್ಚಬೇಕಾದರೆ, ಮೂರರಲ್ಲಿ ಒಂದು ಸಲವಾದರೂ ಗೆಲ್ಲುವಂತಿರಬೇಕು. ಇಲ್ಲದಿದ್ದರೆ ಎಲೆ ಕೆಳಗಿಡು.

ಅವಳು ಹಿಟ್ಟಿನ ಕೈಯಲ್ಲೇ ಹಾಳೆಯನ್ನು ಎರಡು ಸಲ ಓದಿ ಡಬ್ಬಿಯ ಹಿಂದೆ ಇಟ್ಟಳು. ಮುಂದಿನ ತಿಂಗಳಿನಿಂದ ಅವಳದೇ ಗೆಲುವು. ಹತ್ತು ಆಟದಲ್ಲಿ ಏಳೆಂಟು ಸಲ ಸುಮ್ಮನೆ ಎಲೆ ಕೆಳಗಿಡುತ್ತಿದ್ದಳು, ಅದರ ಬೇಸರವೂ ಮುಖದಲ್ಲಿ ಕಾಣುತ್ತಿರಲಿಲ್ಲ. ಉಳಿದ ಎರಡು ಮೂರರಲ್ಲಿ ರಾಶಿ ಬಾಚಿಕೊಳ್ಳುತ್ತಿದ್ದಳು. ‘ಈಕಿ ತಲಿ ನೋಡೋ’ ಎಂದು ಅತ್ತೆ ನನ್ನ ಗಂಡನಿಗೆ ಹೇಳಿದರು. ಕಲಿಸಿದ್ದು ನಾನು ಎಂದು ಅವಳೇ ಹೇಳಿದರೂ ಅತ್ತೆಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಹಾಗೆ ಹೋಗಿ ಉಳಿದುಕೊಂಡಿದ್ದ ಒಂದು ಭಾನುವಾರ ಆಟದಲ್ಲಿ ನಾವಿಬ್ಬರೇ ಕೊನೆಗೆ ಉಳಿದೆವು. ನನ್ನ ಕೈಯಲ್ಲಿ ಎರಡು ಆಟೀನು, ಅಂದರೆ ಕೆಂಪು ಹೃದಯದ ಗುರುತಿನ ಎಲೆ, ನಡುವೆ ಬಿಚ್ಚಿದ ನಾಲ್ಕರಲ್ಲಿ ಎರಡು ಆಟೀನು. ಇನ್ನೊಂದು ಆಟೀನು ಬಂದರೆ ನನಗೆ ಐದೂ ಒಂದೇ ಗುರುತಿನವು, ಗೆಲುವು ಬಹುತೇಕ ಖಾತ್ರಿ. ರಾಶಿಯಲ್ಲಿ ಮೂವತ್ತು ಬೀಜ ಇದ್ದವು. ಅವಳು ಇನ್ನೂ ಮೂವತ್ತು ಹಚ್ಚಿದಳು. ಉಳಿದ ಆಟೀನು ಒಂಬತ್ತು, ಎರಡರಿಂದ ಗುಣಿಸಿದರೆ ಹದಿನೆಂಟು. ಐದರಲ್ಲಿ ಒಂದು ಸಲ. ನನಗೆ ಬೇಕಾದದ್ದು ಮೂರರಲ್ಲಿ ಒಂದು. ಎಲೆ ಕೆಳಗಿಡಬೇಕೆಂದು ನನ್ನ ತರಗತಿಯ ಮಕ್ಕಳೂ ಹೇಳಬಲ್ಲರು. ಆದರೆ ಅವಳ ಆ ಶಾಂತ ಮುಖ ನೋಡಿ ಮೂವತ್ತೂ ನೂಕಿದೆ.

ಬಂದದ್ದು ಆಟೀನಿನ ಏಳು. ಅವಳ ಬಳಿ ಎರಡು ಎಕ್ಕ ಇದ್ದವು, ಸೋತಳು. ಮೈದುನ ಚಪ್ಪಾಳೆ ತಟ್ಟಿದ. ನಾನು ಬೀಜಗಳನ್ನು ಸೆರಗಿಗೆ ಹಾಕಿಕೊಂಡೆ.

ಚಹಾ ಮಾಡಲು ಒಳಗೆ ಹೋದಾಗ ಅವಳು ಮೆಲ್ಲಗೆ, ‘ಅಕ್ಕಾರ, ಅದನ್ನ ನೀವು ಬಿಡಬೇಕಾಗಿತ್ರಿ’ ಎಂದಳು.

‘ಗೆದ್ನಲ್ಲ.’

‘ಗೆದ್ರಿ. ಆದ್ರ ಲೆಕ್ಕ ತಪ್ಪಿತ್ರಿ. ಉಳಿದವ್ರ ಮುಂದ ನೀವು ಛಲೋ ಲೆಕ್ಕ ಮಾಡ್ತೀರಿ. ನನ್ನ ಮುಂದ ಅಷ್ಟ ಮಾಡಂಗಿಲ್ರಿ. ನೀವು ಬಿಡಂಗಿಲ್ಲ ಅಂತ ಗೊತ್ತಿತ್ರಿ, ಅದಕ್ಕ ನಾ ಮೂವತ್ತು ಹಚ್ಚಿದ್ದು.’

ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು. ಹಾಲು ಉಕ್ಕದಂತೆ ನೋಡುತ್ತಾ ನಿಂತಿದ್ದಳು. ನನ್ನ ಹೊಟ್ಟೆಕಿಚ್ಚು ಅವಳಿಗೆ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ ಏನೋ. ಕೊಪ್ಪಳದ ಬಸ್ಸಿನಲ್ಲಿ ಗಂಡ ಗೆಲುವಿನ ಮಾತು ತೆಗೆದಾಗ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ.

ಮುಂದಿನ ತಿಂಗಳು ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಅವಳ ಮುಂದೆಯೂ ಲೆಕ್ಕ ಬಿಡಲಿಲ್ಲ. ಮತ್ತೆ ನಾವಿಬ್ಬರೇ ಉಳಿದಾಗ, ನನ್ನ ಬಳಿ ರಾಜರ ಜೋಡಿ ಇತ್ತು. ಅವಳು ಇದ್ದ ಬೀಜವನ್ನೆಲ್ಲ ಮುಂದಕ್ಕೆ ಸರಿಸಿದಳು. ಅವಳು ಸುಮ್ಮಸುಮ್ಮನೆ ಹಚ್ಚುವವಳಲ್ಲ, ಏನೋ ದೊಡ್ಡದಿರಬೇಕು ಎಂದು ಎಣಿಸಿ ರಾಜರನ್ನು ಕೆಳಗಿಟ್ಟೆ. ನನ್ನ ಬಗ್ಗೆ ನನಗೇ ಹೆಮ್ಮೆ ಎನಿಸಿತು.

ಅತ್ತೆ ಕುತೂಹಲದಿಂದ ಅವಳ ಎಲೆ ತಿರುಗಿಸಿದರು. ಒಂದು ಮೂರು, ಒಂದು ಎಂಟು. ಜೋಡಿಯೂ ಇರಲಿಲ್ಲ.

ಯಾಕೆ ಹಾಗೆ ಮಾಡಿದೆ ಎಂದೆ.

‘ನೀವು ಇವತ್ತ ಲೆಕ್ಕ ಮಾಡಾಕತ್ತಿದ್ರಿ ಅಕ್ಕಾರ’ ಎಂದಳು. ‘ಬಿಡ್ತೀರಿ ಅನಸ್ತು.’

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ನಕ್ಕ, ಮೈದುನ ನಕ್ಕ. ನಾನೂ ನಕ್ಕೆ. ನಗುತ್ತಲೇ ಎಲೆ ಕಲಸಿ, ಎಲ್ಲರಿಗಿಂತ ಮೊದಲು ಅವಳಿಗೇ ಹಂಚಿದೆ.